ಮೊದಲು ಇಸವಿ ನೋಡಿ: ಫಿಲ್ಮ್ ಛಾಯಾಗ್ರಾಹಕರ ಪತ್ರಿಕೆಗಳು ಮತ್ತು ಇತರ ಓದು

ಗೆಳೆಯರೆ,

ಫಿಲ್ಮ್ ಕ್ಯಾಮೆರಾ ಬಳಸುವವರು ಯಾವ ಪತ್ರಿಕೆ, ಯಾವ ಪುಸ್ತಕ ಓದಬೇಕು ಎಂಬುದರ ಬಗ್ಗೆ ಮಾತಾಡಿ ಎಂದು ಕೇಳಿದಾಗ, ಒಂದು ಪಟ್ಟಿ ಬರೆದುಕೊಟ್ಟರೆ ಸಾಕಲ್ಲವೇ ಎಂದು ನನಗೆ ಮೊದಲು ಅನ್ನಿಸಿತ್ತು. ಪಟ್ಟಿ ಬರೆಯಲು ಕುಳಿತಾಗ ತೊಡಕು ಗೊತ್ತಾಯಿತು. ನನ್ನ ಕಪಾಟಿನಲ್ಲಿ ಹೆಚ್ಚು ಕೈತಾಗಿ ಮಾಸಿರುವ ಹಾಳೆಗಳಲ್ಲಿ ಅರ್ಧದಷ್ಟು ಎಂದೋ ನಿಂತುಹೋದ ಪತ್ರಿಕೆಗಳವು. ಉಳಿದವುಗಳಲ್ಲಿ ಹಲವು ಪುಸ್ತಕವೂ ಅಲ್ಲದ, ಪತ್ರಿಕೆಯೂ ಅಲ್ಲದ, ಫಿಲ್ಮ್ ತಯಾರಿಸುವ ಕಂಪನಿಗಳೇ ಹೊರಡಿಸುವ ನಾಲ್ಕೈದು ಪುಟಗಳ ತಾಂತ್ರಿಕ ವಿವರಪತ್ರಗಳು. ಇವುಗಳ ಹೆಸರನ್ನಷ್ಟೇ ಹೇಳಿ ಬಿಟ್ಟರೆ ಕೇಳಿದವರಿಗೆ ಉಪಕಾರಕ್ಕಿಂತ ಅಪಕಾರವೇ ಆದೀತು. ಈ ಬಗೆಯ ಓದಿನಲ್ಲಿ ಏನನ್ನು ಓದುತ್ತಿದ್ದೇವೆ ಎಂಬುದರಷ್ಟೇ ಅದು ಯಾವ ಇಸವಿಯದು ಎಂಬುದೂ ಮುಖ್ಯವಾದದ್ದರಿಂದ, ನಾನು ಹೆಸರುಗಳನ್ನು ಹೇಳುವಾಗಲೆಲ್ಲ ಇಸವಿಯನ್ನೂ ಹೇಳುತ್ತ ಹೋಗುತ್ತೇನೆ.

ಫಿಲ್ಮ್ ಬಳಸುವವರಿಗೆ ಓದು ಯಾಕೆ ಇಷ್ಟು ಬೇಕು ಎಂಬ ಪ್ರಶ್ನೆಯನ್ನು ಮೊದಲು ಮುಗಿಸೋಣ. ಡಿಜಿಟಲ್ ಕ್ಯಾಮೆರಾದಲ್ಲಿ ಮಾಡಿದ ತಪ್ಪು ಆ ಕ್ಷಣವೇ ಪರದೆಯ ಮೇಲೆ ಕಾಣುತ್ತದೆ. ಫಿಲ್ಮಿನಲ್ಲಿ ಷಟರ್ ಒತ್ತುವುದಕ್ಕೂ ನೆಗೆಟಿವ್ ಕಣ್ಣಿಗೆ ಬೀಳುವುದಕ್ಕೂ ನಡುವೆ ದಿನಗಳು, ಕೆಲವೊಮ್ಮೆ ತಿಂಗಳುಗಳೇ ಕಳೆದಿರುತ್ತವೆ. ಅಷ್ಟರಲ್ಲಿ ಯಾವ ಬೆಳಕಿನಲ್ಲಿ ಏನು ಮಾಡಿದ್ದೆವು ಎಂಬುದು ಮರೆತಿರುತ್ತದೆ. ತೆಳುವಾದ, ಅಂದರೆ ಚಿತ್ರ ಮಸುಕಾಗಿ ಮೂಡಿದ, ನೆಗೆಟಿವ್ ಒಂದು ಕೈಗೆ ಬಂದಾಗ, ಅದು ಕ್ಯಾಮೆರಾದಲ್ಲಿ ಬೆಳಕು ಸಾಲದೆ ಹಾಗಾಯಿತೋ, ಫಿಲ್ಮನ್ನು ಡೆವಲಪ್ ಮಾಡುವ ಟ್ಯಾಂಕಿನಲ್ಲಿ ಹೊತ್ತು ಸಾಲದೆ ಹಾಗಾಯಿತೋ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಹಳೆಯ ಮಾಸಿಕವೊಂದರ ಓದುಗರ ಪ್ರಶ್ನೋತ್ತರದ ಪುಟದಲ್ಲಿ ಎರಡೇ ಸಾಲಿನಲ್ಲಿದ್ದ ಉತ್ತರ ನನಗೆ ಇದನ್ನು ಕಲಿಸಿತು. ಫಿಲ್ಮಿನ ಅಂಚಿನಲ್ಲಿರುವ ಅಕ್ಷರ ಮತ್ತು ಅಂಕಿಗಳಿಗೆ ಕಾರ್ಖಾನೆಯಲ್ಲೇ ಬೆಳಕು ಕೊಟ್ಟಿರುತ್ತಾರೆ. ಅವಕ್ಕೂ ನಮ್ಮ ಕ್ಯಾಮೆರಾಕ್ಕೂ ಸಂಬಂಧವಿಲ್ಲ. ಅಂಚಿನ ಅಕ್ಷರಗಳು ದಟ್ಟವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ತಪ್ಪು ಕ್ಯಾಮೆರಾದಲ್ಲಿ ಆದದ್ದು. ಅಕ್ಷರಗಳೂ ಮಸುಕಾಗಿದ್ದರೆ ಚಿತ್ರವನ್ನು ಮೂಡಿಸುವ ದ್ರಾವಣವಾದ ಡೆವಲಪರನ್ನೋ, ಅದರ ಉಷ್ಣತೆಯನ್ನೋ, ಗಡಿಯಾರವನ್ನೋ ಸಂಶಯಿಸಬೇಕು. ಇಂಥ ಎರಡು ಸಾಲುಗಳನ್ನು ಕೊಡುವ ಪುಟಗಳನ್ನು ನಾನು ಒಳ್ಳೆಯ ಓದು ಎನ್ನುತ್ತೇನೆ.

ಇನ್ನು ಪತ್ರಿಕೆಗಳ ವಿಷಯ. ಛಾಯಾಗ್ರಹಣದ ಪತ್ರಿಕೆಗಳು ಛಾಯಾಗ್ರಹಣದಷ್ಟೇ ಹಳೆಯವು ಎಂದರೆ ಉತ್ಪ್ರೇಕ್ಷೆ ದೊಡ್ಡದೇನಲ್ಲ. ಇಂದಿನ ‘ಬ್ರಿಟಿಷ್ ಜರ್ನಲ್ ಆಫ್ ಫೋಟೋಗ್ರಫಿ’ 1854ರಲ್ಲಿ ಲಿವರ್‌ಪೂಲಿನಲ್ಲಿ ಬೇರೆ ಹೆಸರಿನಲ್ಲಿ ಆರಂಭವಾಯಿತು. ‘ಅಮೆಚೂರ್ ಫೋಟೋಗ್ರಾಫರ್’ 1884ರಲ್ಲಿ ವಾರಪತ್ರಿಕೆಯಾಗಿ ಹುಟ್ಟಿ ಶತಮಾನ ದಾಟಿ ಬಂದಿದೆ. ಆದರೆ ಇವೆರಡೂ ಈಗ ಫಿಲ್ಮಿಗೆ ಮೀಸಲಾದವಲ್ಲ. ಮೊದಲನೆಯದು ಸಮಕಾಲೀನ ಛಾಯಾಚಿತ್ರ ಕಲೆಯ ಕಡೆಗೆ ಹೊರಳಿದೆ. ಎರಡನೆಯದರಲ್ಲಿ ಫಿಲ್ಮಿನ ಬಗೆಗಿನ ಬರಹಗಳು ನಡುನಡುವೆ ಬರುತ್ತವೆ. ಒಂದು ಕಾಲಕ್ಕೆ ಹವ್ಯಾಸಿಗಳ ದೊಡ್ಡ ಆಸರೆಯಾಗಿದ್ದ ಅಮೆರಿಕದ ‘ಪಾಪ್ಯುಲರ್ ಫೋಟೋಗ್ರಫಿ’ 1937ರಲ್ಲಿ ಶುರುವಾಗಿ 2017ರಲ್ಲಿ ಮುದ್ರಣ ನಿಲ್ಲಿಸಿತು. ಜಪಾನಿನ ‘ಅಸಾಹಿ ಕ್ಯಾಮೆರಾ’ 1926ರಲ್ಲಿ ಶುರುವಾಗಿ 2020ರಲ್ಲಿ ನಿಂತಿತು. ಇವು ಮುಚ್ಚಿದ ಹೊತ್ತಿಗೇ ಫಿಲ್ಮಿನ ಮೇಲೆ ಹೊಸ ಆಸಕ್ತಿ ಚಿಗುರುತ್ತಿತ್ತು ಎಂಬುದು ವಿಚಿತ್ರ. ಆ ಆಸಕ್ತಿಯಿಂದಲೇ ಜರ್ಮನಿಯಿಂದ ಇಂಗ್ಲಿಷಿನಲ್ಲಿ ಬರುವ ‘ಸಿಲ್ವರ್‌ಗ್ರೇನ್ ಕ್ಲಾಸಿಕ್ಸ್’, ಅಮೆರಿಕದ ‘ಅನಲಾಗ್ ಫಾರೆವರ್’ ಮುಂತಾದ, ಫಿಲ್ಮನ್ನೇ ವಿಷಯವಾಗಿಟ್ಟುಕೊಂಡ ಸಣ್ಣ ಪತ್ರಿಕೆಗಳು ಹುಟ್ಟಿದವು.

ಹೊಸ ಪತ್ರಿಕೆಯೊಂದಕ್ಕೆ ಚಂದಾ ಕಟ್ಟುವ ಮೊದಲು ಒಂದೇ ಒಂದು ಸಂಚಿಕೆಯನ್ನು ತರಿಸಿ ನೋಡಿ. ನಾನು ಮೊದಲು ತೆರೆಯುವುದು ಚಿತ್ರಗಳ ಕೆಳಗಿನ ಟಿಪ್ಪಣಿಗಳನ್ನು. ‘ಕಪ್ಪು-ಬಿಳುಪು ಫಿಲ್ಮ್’ ಎಂದಷ್ಟೇ ಬರೆದಿದ್ದರೆ ಸಂಪಾದಕರಿಗೆ ಓದುಗ ಏನನ್ನೋ ಕಲಿಯಬೇಕೆಂಬ ಆಸೆ ಇಲ್ಲ ಎಂದುಕೊಳ್ಳುತ್ತೇನೆ. ಯಾವ ಫಿಲ್ಮ್, ಎಷ್ಟು ವೇಗಕ್ಕೆ (ಬೆಳಕಿಗೆ ಫಿಲ್ಮ್ ಎಷ್ಟು ಚುರುಕು ಎಂಬ ಅಂಕಿಗೆ) ಇಟ್ಟದ್ದು, ಯಾವ ಡೆವಲಪರ್, ಎಷ್ಟು ನೀರು ಬೆರೆಸಿದ್ದು, ಪುಟದಲ್ಲಿರುವುದು ನೆಗೆಟಿವಿನ ಸ್ಕ್ಯಾನೋ ಡಾರ್ಕ್‌ರೂಮಿನ ಪ್ರಿಂಟೋ ಎಂದು ಹೇಳಿದ್ದರೆ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಆಮೇಲೆ ಕತ್ತಲಿರುವ ಚಿತ್ರವೊಂದನ್ನು ಹುಡುಕಿ ಅದರ ನೆರಳಿನ ಭಾಗವನ್ನು ಕಿಟಕಿಯ ಬೆಳಕಿನಲ್ಲಿ ನೋಡುತ್ತೇನೆ. ಕಪ್ಪು ಕೋಟಿನ ಮಡಿಕೆಗಳು ಪುಟದ ಮೇಲೆ ಕಾಣಬೇಕು. ಅಲ್ಲಿ ಬರಿಯ ಮಸಿ ಮೆತ್ತಿದಂತಿದ್ದರೆ, ಎಷ್ಟು ಒಳ್ಳೆಯ ಲೇಖನವಿದ್ದರೂ ಆ ಪತ್ರಿಕೆಯಿಂದ ಪ್ರಿಂಟಿನ ಪಾಠ ಕಲಿಯಲಾಗುವುದಿಲ್ಲ. ಕೊನೆಗೆ, ಸಂಚಿಕೆಯ ಎಷ್ಟು ಭಾಗ ಕ್ಯಾಮೆರಾಗಳ ವರ್ಣನೆಗೆ ಹೋಗಿದೆ ಎಂದು ಸುಮ್ಮನೆ ಬೆರಳಿನಲ್ಲಿ ಅಳೆಯುತ್ತೇನೆ. ಹಳೆಯ ಕ್ಯಾಮೆರಾದ ಚೆಲುವನ್ನು ಹೊಗಳುವ ಬರಹ ಓದಲು ಹಿತವಾಗಿರುತ್ತದೆ, ನಿಜ. ಅದನ್ನೋದಿ ಯಾರ ನೆಗೆಟಿವೂ ಸುಧಾರಿಸಿದ್ದನ್ನು ನಾನಂತೂ ಕಂಡಿಲ್ಲ. ಸಣ್ಣ ಪತ್ರಿಕೆಗಳು ಯಾವಾಗ ನಿಲ್ಲುತ್ತವೆಂದು ಹೇಳಲಾಗದು, ಆದ್ದರಿಂದ ಮೆಚ್ಚಿದ ಪತ್ರಿಕೆಯನ್ನು ಬಿಡಿ ಸಂಚಿಕೆಗಳಲ್ಲಿ ಕೊಂಡು, ಕೊಂಡದ್ದನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಜಾಣತನ.

ನನ್ನ ಮಟ್ಟಿಗೆ ನಿಜವಾದ ಗಣಿ ಇರುವುದು ಹಳೆಯ ಪತ್ರಿಕೆಗಳಲ್ಲಿ. 1950ರಿಂದ 1980ರವರೆಗಿನ ಹವ್ಯಾಸಿ ಮಾಸಿಕಗಳನ್ನು ಬರೆದವರಿಗೂ ಓದಿದವರಿಗೂ ಫಿಲ್ಮ್ ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ಅಲ್ಲಿ ಫಿಲ್ಮಿನ ಬಗ್ಗೆ ಹಳಹಳಿಕೆಯೂ ಇಲ್ಲ, ಸಮರ್ಥನೆಯೂ ಇಲ್ಲ. ಟ್ಯಾಂಕಿನಲ್ಲಿ ಗುಳ್ಳೆ ಕಟ್ಟಿದರೆ ಏನು ಮಾಡಬೇಕು, ನೆಗೆಟಿವನ್ನು ಹಿಗ್ಗಿಸಿ ಪ್ರಿಂಟ್ ಮಾಡುವ ಎನ್‌ಲಾರ್ಜರಿನ ತಲೆ ಸೊಟ್ಟಗಾಗಿದ್ದರೆ ಹೇಗೆ ಪತ್ತೆ ಹಚ್ಚಬೇಕು ಎಂಬ ಕೆಲಸದ ಮಾತು ಮಾತ್ರ ಇರುತ್ತದೆ. ಇಂಥ ಹಳೆಯ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ, ಹಳೆಯ ಪುಸ್ತಕ ಮಾರುವವರಲ್ಲಿ ಸಿಗುತ್ತವೆ; ಸ್ಕ್ಯಾನ್ ಮಾಡಿದ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಬಹಳಷ್ಟಿವೆ. 1936ರಿಂದ 1972ರವರೆಗಿನ ‘ಲೈಫ್’ ವಾರಪತ್ರಿಕೆಯ ಸಂಚಿಕೆಗಳನ್ನು ಗೂಗಲ್ ಬುಕ್ಸ್‌ನಲ್ಲಿ ಜಾಹೀರಾತುಗಳ ಸಮೇತ ಪುಟ ಪುಟವಾಗಿ ನೋಡಬಹುದು, ಮತ್ತು ಛಾಯಾಚಿತ್ರ ಪ್ರಬಂಧವೊಂದು ಪುಟಗಳ ಮೇಲೆ ಹೇಗೆ ಹರಡಿಕೊಳ್ಳುತ್ತದೆ ಎಂದು ಅರಿಯಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಆದರೆ ಇಸವಿಯ ಎಚ್ಚರ ತಪ್ಪಿದರೆ ಈ ಗಣಿಯಲ್ಲೇ ಕಾಲು ಜಾರುವುದು. ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. 1950ರ ದಶಕದ ಪತ್ರಿಕೆಯಲ್ಲಿ ಕೊಡಾಕ್ ಟ್ರೈ-ಎಕ್ಸ್ ಫಿಲ್ಮಿನ ವೇಗ ಎಎಸ್ಎ ಎಂಬ ಅಮೆರಿಕನ್ ಮಾನದಂಡದಲ್ಲಿ 200 ಎಂದಿರುತ್ತದೆ. ಇಂದಿನ ಡಬ್ಬಿಯ ಮೇಲೆ 400 ಎಂದಿದೆ. ಫಿಲ್ಮ್ ಇಮ್ಮಡಿ ಚುರುಕಾಯಿತೆಂದು ಇದರ ಅರ್ಥವಲ್ಲ. ಹಳೆಯ ಅಮೆರಿಕನ್ ಮಾನದಂಡದಲ್ಲಿ, ಬೆಳಕು ಕಡಿಮೆಬಿದ್ದು ಚಿತ್ರ ಕೆಡದಿರಲೆಂದು, ಲೆಕ್ಕಕ್ಕೆ ಒಂದು ಸುರಕ್ಷತೆಯ ಅಂತರವನ್ನು ಸೇರಿಸುತ್ತಿದ್ದರು. ಬೆಳಕುಮಾಪಕಗಳು ಸುಧಾರಿಸಿದ ಮೇಲೆ 1960ರಲ್ಲಿ ಆ ಮಾನದಂಡವನ್ನು ಪರಿಷ್ಕರಿಸಿ ಅಂತರವನ್ನು ಇಳಿಸಿದರು, ಹಾಗಾಗಿ ಕಪ್ಪು-ಬಿಳುಪು ಫಿಲ್ಮುಗಳ ಅಂಕಿಗಳು ಸುಮಾರಾಗಿ ಇಮ್ಮಡಿಯಾದವು. ಫಿಲ್ಮ್ ಇದ್ದಂತೆಯೇ ಇತ್ತು. ಇದು ತಿಳಿಯದೆ ಓದಿದವರಿಗೆ ಹಳೆಯ ಲೇಖಕರೆಲ್ಲ ಒಂದು ಸ್ಟಾಪ್ ಹೆಚ್ಚು, ಅಂದರೆ ಇಮ್ಮಡಿ, ಬೆಳಕು ಕೊಡಲು ಹೇಳುತ್ತಿದ್ದಾರೆ ಎಂದು ತೋರುತ್ತದೆ. ಅದನ್ನೊಂದು ಗುಟ್ಟೆಂಬಂತೆ ಎತ್ತಿ ಹೇಳುವವರೂ ಇದ್ದಾರೆ. ತಮಾಷೆಯೆಂದರೆ, ನೆರಳಿನಲ್ಲಿ ವಿವರ ಬೇಕೆನ್ನುವ ಎಷ್ಟೋ ಮಂದಿ ಇಂದೂ 400ರ ಫಿಲ್ಮನ್ನು 200ಕ್ಕೆ ಇಟ್ಟೇ ತೆಗೆಯುತ್ತಾರೆ.

ಬ್ಯಾಟರಿಯ ಕಥೆಯೂ ಹೀಗೆಯೇ. 1960 ಮತ್ತು 70ರ ದಶಕಗಳ ಕ್ಯಾಮೆರಾಗಳ ಕೈಪಿಡಿಗಳು ಸೂಚಿಸುವ ಪಾದರಸದ ಬ್ಯಾಟರಿ 1.35 ವೋಲ್ಟಿನದು, ಈಗ ಮಾರಾಟದಲ್ಲಿಲ್ಲ. ಅದೇ ಗಾತ್ರದ ಆಲ್ಕಲೈನ್ ಬ್ಯಾಟರಿ 1.5 ವೋಲ್ಟ್ ಕೊಡುವುದರಿಂದ ಕೆಲವು ಕ್ಯಾಮೆರಾಗಳ ಮೀಟರು ತಪ್ಪು ಲೆಕ್ಕ ಹೇಳುತ್ತದೆ. ಕೈಪಿಡಿ ಸುಳ್ಳು ಹೇಳಿಲ್ಲ, ಅದರ ಕಾಲ ಮುಗಿದಿದೆ. ಕೊಡಾಕ್ ಎಕ್ಟಾಕ್ರೋಮ್ ಸ್ಲೈಡ್ ಫಿಲ್ಮಿಗೆ ತದ್ವಿರುದ್ಧದ ಪ್ರಸಂಗ: ಅದು 2012ರಲ್ಲಿ ನಿಂತಿತು, 2018ರಲ್ಲಿ ಹೊಸದಾಗಿ ಮರಳಿತು; ನಡುವಿನ ವರ್ಷಗಳಲ್ಲಿ ಬಂದ ಸಂಚಿಕೆಗಳಲ್ಲಿ ಅದಕ್ಕೆ ಬರೆದ ಶ್ರದ್ಧಾಂಜಲಿಗಳನ್ನು ಈಗಲೂ ಓದಬಹುದು.

ಹಳೆಯ ಸೂತ್ರಗಳನ್ನು ನೋಡಿ ತಾವೇ ಡೆವಲಪರ್ ತಯಾರಿಸಿಕೊಳ್ಳುವವರಿಗೆ ನನ್ನದೊಂದು ಅನುಭವ ಹೇಳಲೇಬೇಕು. ಹಳೆಯ ವಾರ್ಷಿಕ ಸಂಚಿಕೆಯೊಂದರಲ್ಲಿ ಕಂಡ ಸೂತ್ರವನ್ನು ಹಿಡಿದು, ಗ್ರಾಮಿನ ಹತ್ತನೆಯ ಒಂದು ಪಾಲನ್ನೂ ತೂಗುವ ತಕ್ಕಡಿಯಲ್ಲಿ ಎಲ್ಲವನ್ನೂ ತೂಗಿ, ನೀರಿನ ಉಷ್ಣತೆಯನ್ನು ಎರಡು ಸಲ ನೋಡಿ, ಒಂದು ರೋಲನ್ನು ಡೆವಲಪ್ ಮಾಡಿದೆ. ಹೊರಬಂದ ನೆಗೆಟಿವ್ ಡಾಂಬರಿನ ಪಟ್ಟಿಯಂತಿತ್ತು. ಬಲ್ಬಿಗೆ ಹಿಡಿದರೆ ಚಿತ್ರ ಎಲ್ಲಿ ಮುಗಿಯುತ್ತದೆ, ಅಂಚು ಎಲ್ಲಿ ಶುರುವಾಗುತ್ತದೆ ಎಂದು ಬಹಳ ಹೊತ್ತು ಹುಡುಕಬೇಕಾಯಿತು. ಸೂತ್ರವನ್ನು ಮತ್ತೆ ಓದಿದಾಗ ಸೋಡಿಯಂ ಕಾರ್ಬೊನೇಟಿನ ಎದುರು ಚಿಕ್ಕ ಅಕ್ಷರದಲ್ಲಿ ‘ಹರಳು’ ಎಂಬರ್ಥದ ಸಂಕ್ಷೇಪವೊಂದು ಕಂಡಿತು. ಹರಳು ರೂಪದ ಕಾರ್ಬೊನೇಟಿನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ನೀರೇ ಇರುತ್ತದೆ. ನಾನು ತೂಗಿದ್ದು ನೀರಿಲ್ಲದ ಪುಡಿಯನ್ನು. ಅಂದರೆ ಬೇಕಾದುದರ ಸುಮಾರು 2.7 ಪಟ್ಟು ಕ್ಷಾರ ಡೆವಲಪರಿಗೆ ಬಿದ್ದಿತ್ತು. ಸೋಡಿಯಂ ಸಲ್ಫೈಟಿನಲ್ಲೂ ಇದೇ ತೊಡಕಿದೆ, ಅಲ್ಲಿ ಹರಳು ಪುಡಿಯ ಎರಡರಷ್ಟು ತೂಗುತ್ತದೆ. ಅಳತೆಗಳೂ ಅಷ್ಟೇ: ಬ್ರಿಟಿಷ್ ಪತ್ರಿಕೆಯ ಒಂದು ಪೈಂಟ್ 568 ಮಿಲಿಲೀಟರ್, ಅಮೆರಿಕದ ಪತ್ರಿಕೆಯ ಪೈಂಟ್ 473. ಪತ್ರಿಕೆ ಎಲ್ಲಿ ಅಚ್ಚಾಯಿತು ಎಂದು ಮುಖಪುಟದ ಒಳಗಡೆ ನೋಡದೆ ಪೈಂಟಿನ ಲೆಕ್ಕದ ಸೂತ್ರವನ್ನು ಮುಟ್ಟಬಾರದು. ಪಾದರಸದ ಲವಣ, ಯುರೇನಿಯಂ ಲವಣ ಎಂದು ನಿರಾಳವಾಗಿ ಬರೆಯುವ ಸೂತ್ರಗಳೂ ಹಳೆಯ ಸಂಪುಟಗಳಲ್ಲಿವೆ. ಅವನ್ನು ಇತಿಹಾಸವೆಂದು ಓದಿ ಪುಟ ತಿರುಗಿಸಿ.

ಇದಕ್ಕೆಲ್ಲ ಹೋಲಿಸಿದರೆ, ಒಂದಿಷ್ಟೂ ರುಚಿಯಿಲ್ಲದ ಆದರೆ ಅತ್ಯಂತ ನಂಬಲರ್ಹವಾದ ಓದೆಂದರೆ ಕಂಪನಿಗಳ ವಿವರಪತ್ರಗಳು. ಹೊಸಬರು ಒಂದು ವರ್ಷ ಬೇರೇನನ್ನೂ ಓದದೆ ತಾವು ಬಳಸುವ ಒಂದು ಫಿಲ್ಮ್ ಮತ್ತು ಒಂದು ಡೆವಲಪರಿನ ವಿವರಪತ್ರಗಳನ್ನು ಮಾತ್ರ ಓದಿದರೂ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ, ಅತಿ ಎನಿಸಿದರೆ ಕ್ಷಮಿಸಿ. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿನ ಪತ್ರವನ್ನು ತೆರೆದಿಟ್ಟುಕೊಳ್ಳಿ. ನೀರು ಬೆರೆಸದ ಐಡಿ-11 ಡೆವಲಪರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ಗೆ, ಫಿಲ್ಮನ್ನು 400ಕ್ಕೆ ಇಟ್ಟಿದ್ದರೆ ಏಳೂವರೆ ನಿಮಿಷ, 800ಕ್ಕೆ ಹತ್ತೂವರೆ, 1600ಕ್ಕೆ 14 ನಿಮಿಷ; ಸಮಪಾಲು ನೀರು ಬೆರೆಸಿದರೆ 400ಕ್ಕೇ 13 ನಿಮಿಷ. ಈ ನಾಲ್ಕು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದರೆ, ಕಡಿಮೆ ಬೆಳಕು ಕೊಟ್ಟದ್ದನ್ನು ಹೆಚ್ಚು ಹೊತ್ತಿನ ಡೆವಲಪಿಂಗಿನಿಂದ ಸರಿದೂಗಿಸಲು ನಾವು ಎಷ್ಟು ಎಳೆದಾಡುತ್ತೇವೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ಟ್ಯಾಂಕನ್ನು ಮೊದಲ 10 ಸೆಕೆಂಡಿನಲ್ಲಿ ನಾಲ್ಕು ಸಲ ಬುಡಮೇಲು ಮಾಡಿ, ಆಮೇಲೆ ಪ್ರತಿ ನಿಮಿಷದ ಆರಂಭಕ್ಕೂ ಹಾಗೆಯೇ ಮಾಡಿ ಎಂದು ಇಲ್‌ಫೋರ್ಡ್ ಹೇಳುತ್ತದೆ. ಕೊಡಾಕ್ ತನ್ನ ಫಿಲ್ಮಿಗೆ 30 ಸೆಕೆಂಡಿಗೊಮ್ಮೆ ಅಲುಗಿಸಲು ಹೇಳುತ್ತದೆ. ಒಬ್ಬರ ಸಮಯವನ್ನೂ ಇನ್ನೊಬ್ಬರ ಅಲುಗಾಟವನ್ನೂ ಬೆರೆಸಿದರೆ ಎರಡೂ ಕಂಪನಿಗಳಿಗೆ ಸಂಬಂಧವಿಲ್ಲದ ಮೂರನೆಯದೊಂದು ಫಲಿತಾಂಶ ಬರುತ್ತದೆ. ಡೆವಲಪಿಂಗ್ ಸಮಯ ಹೇಳಿ ಅಲುಗಾಟ ಹೇಳದ ಲೇಖನಕ್ಕೆ ನಾನು ಬೆಲೆ ಕೊಡದಿರುವುದು ಈ ಕಾರಣಕ್ಕೆ.

ಅದೇ ಪತ್ರದ ಇನ್ನೊಂದು ಮೂಲೆಯಲ್ಲಿ ದೀರ್ಘ ಎಕ್ಸ್‌ಪೋಷರಿನ ಲೆಕ್ಕವಿದೆ. ಬೆಳಕು ತೀರ ಕಡಿಮೆಯಿದ್ದಾಗ ಫಿಲ್ಮ್ ಸೋಮಾರಿಯಾಗುತ್ತದೆ. ಮೀಟರು ಹೇಳಿದ ಸೆಕೆಂಡುಗಳನ್ನು 1.31ರ ಘಾತಕ್ಕೆ ಏರಿಸಿ ಎನ್ನುತ್ತದೆ ಇಲ್‌ಫೋರ್ಡ್. ಮೀಟರು 10 ಸೆಕೆಂಡ್ ಎಂದರೆ ಷಟರ್ ತೆರೆದಿರಬೇಕಾದದ್ದು ಸುಮಾರು 20 ಸೆಕೆಂಡ್. 30 ಎಂದರೆ ಸುಮಾರು 86. ರಾತ್ರಿಯ ಚಿತ್ರಗಳೆಲ್ಲ ಮಸಿಯಂತೆ ಬರುತ್ತವೆಂದು ಕ್ಯಾಮೆರಾವನ್ನು ದೂರುವವರಿಗೆ ಈ ಒಂದು ಸಾಲು ಸಾಕು. ವಿವರಪತ್ರಕ್ಕೂ ಇಸವಿಯುಂಟು ಎಂಬುದನ್ನು ಮಾತ್ರ ಮರೆಯಬೇಡಿ. ಈ ಶತಮಾನದ ಆರಂಭದಲ್ಲಿ ಟ್ರೈ-ಎಕ್ಸ್ ತಯಾರಿಕೆ ಬದಲಾದಾಗ ಕೊಡಾಕ್ ಡೆವಲಪಿಂಗ್ ಸಮಯಗಳನ್ನೂ ಬದಲಿಸಿತು. ಹಳೆಯ ಪುಸ್ತಕಗಳಲ್ಲಿ ಅದೇ ಹೆಸರಿನ ಎದುರು ಇರುವ ನಿಮಿಷಗಳು ಇಂದಿನ ಫಿಲ್ಮಿನವಲ್ಲ.

ಪುಸ್ತಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವುಗಳ ಹೆಸರು ಎಲ್ಲರಿಗೂ ಹೇಗೋ ತಲುಪುತ್ತದೆ. ಆನ್ಸೆಲ್ ಆ್ಯಡಮ್ಸ್ ಅವರ ‘ದಿ ಕ್ಯಾಮೆರಾ’, ‘ದಿ ನೆಗೆಟಿವ್’, ‘ದಿ ಪ್ರಿಂಟ್’ ಎಂಬ ಮೂರು ಸಂಪುಟಗಳು 1980ರಿಂದ 1983ರ ನಡುವೆ ಬಂದವು. ನಡುವಿನದನ್ನು ಮೊದಲು ಓದಿ ಎಂಬುದು ನನ್ನ ಸಲಹೆ. ಅದರಲ್ಲಿನ ಫಿಲ್ಮುಗಳಲ್ಲಿ ಹಲವು ಈಗಿಲ್ಲ, ಆದರೆ ನೆರಳಿಗೆ ಬೇಕಾದಷ್ಟು ಬೆಳಕು ಕೊಟ್ಟು, ಬಿಳಿಯ ಭಾಗವನ್ನು ಡೆವಲಪಿಂಗಿನಲ್ಲಿ ಹಿಡಿತಕ್ಕೆ ತರುವ ವಿಚಾರಕ್ಕೆ ವಯಸ್ಸಾಗಿಲ್ಲ. ರಾಸಾಯನಿಕಗಳಲ್ಲಿ ಆಸಕ್ತಿ ಇರುವವರಿಗೆ ಸ್ಟೀವ್ ಆಂಚೆಲ್ ಅವರ ‘ದಿ ಡಾರ್ಕ್‌ರೂಮ್ ಕುಕ್‌ಬುಕ್’ ಇದೆ.

ಇಷ್ಟು ಹೊತ್ತು ಅಂಕಿಗಳನ್ನೇ ಹೇಳಿದೆ. ಚಿತ್ರಗಳನ್ನು ಓದುವುದೂ ಓದೇ, ಮತ್ತು ಅದಕ್ಕೆಂದೇ ಹುಟ್ಟಿದ ಪತ್ರಿಕೆಗಳಿದ್ದವು. ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1903ರಿಂದ 1917ರವರೆಗೆ ಹೊರತಂದ ‘ಕ್ಯಾಮೆರಾ ವರ್ಕ್’ ತ್ರೈಮಾಸಿಕದ ಎಷ್ಟೋ ಚಿತ್ರಗಳನ್ನು ಫೋಟೋಗ್ರವ್ಯೂರ್ ಪದ್ಧತಿಯಲ್ಲಿ, ತಾಮ್ರದ ಫಲಕದಿಂದ ತೆಳುವಾದ ಜಪಾನಿ ಕಾಗದದ ಮೇಲೆ ಮುದ್ರಿಸಿ, ಒಂದೊಂದನ್ನೂ ಕೈಯಿಂದ ಪುಟಕ್ಕೆ ಅಂಟಿಸುತ್ತಿದ್ದರು. ಕೊನೆಯ ಜೋಡಿ ಸಂಚಿಕೆಯನ್ನು ಪಾಲ್ ಸ್ಟ್ರ್ಯಾಂಡ್ ಅವರ ಚಿತ್ರಗಳಿಗೆ ಬಿಟ್ಟುಕೊಟ್ಟ ಹೊತ್ತಿಗೆ ಚಂದಾದಾರರು ನಲವತ್ತಕ್ಕಿಂತ ಕಡಿಮೆ ಉಳಿದಿದ್ದರು. ಇದರ ಸಂಚಿಕೆಗಳನ್ನು ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ಡಿಜಿಟಲ್ ರೂಪದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಆ್ಯಡಮ್ಸ್, ಡೊರೊತಿಯಾ ಲ್ಯಾಂಗ್, ಮೈನರ್ ವೈಟ್ ಮುಂತಾದವರು ಸೇರಿ 1952ರಲ್ಲಿ ಆರಂಭಿಸಿದ ‘ಅಪರ್ಚರ್’ ಇಂದೂ ಬರುತ್ತಿದೆ; ವೈಟ್ ಸಂಪಾದಕರಾಗಿದ್ದ ಕಾಲದ ಸಂಚಿಕೆಗಳು ಒಂದು ಚಿತ್ರದ ಎದುರು ಎಷ್ಟು ಹೊತ್ತು ಕೂರಬಹುದೆಂದು ತೋರಿಸುತ್ತವೆ. ಇವಕ್ಕೆ ತೀರ ವಿರುದ್ಧ ದಿಕ್ಕಿನಲ್ಲಿದೆ ಜಪಾನಿನ ‘ಪ್ರೊವೋಕ್’. 1968 ಮತ್ತು 69ರಲ್ಲಿ ಅದರ ಮೂರೇ ಸಂಚಿಕೆಗಳು ಬಂದವು. ಒರಟು ಕಣಗಳು, ಅಲುಗಿದ ಗೆರೆಗಳು, ತಪ್ಪಿದ ಫೋಕಸ್: ಉಳಿದ ಪತ್ರಿಕೆಗಳು ತಪ್ಪೆಂದು ತಿದ್ದಿದ ಎಲ್ಲವೂ ಅಲ್ಲಿ ಭಾಷೆಯಾಗಿದೆ. ಡೆವಲಪರಿನ ಶಿಸ್ತನ್ನು ಕಲಿತವರು ಇದನ್ನು ನೋಡಲೇಬೇಕು. ಕಲಿಯದವರು ಇದನ್ನೇ ನೆಪ ಮಾಡಿಕೊಳ್ಳುವ ಅಪಾಯವೂ ಇದೆ ಅನ್ನಿ.

ರಾಬರ್ಟ್ ಫ್ರ್ಯಾಂಕ್ ಅವರ ‘ದಿ ಅಮೆರಿಕನ್ಸ್’ 1958ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ಪ್ರಕಟವಾಯಿತು. ಅದರಲ್ಲಿರುವುದು 83 ಚಿತ್ರಗಳು. ಅವಕ್ಕಾಗಿ ಅವರು ತೆಗೆದದ್ದು 767 ರೋಲುಗಳು. ಲೆಕ್ಕ ಹಾಕಿದರೆ ಒಂಬತ್ತು ರೋಲಿಗೆ ಒಂದು ಚಿತ್ರವೂ ಪೂರ್ತಿ ಉಳಿಯಲಿಲ್ಲ. ಛಾಯಾಚಿತ್ರ ಪುಸ್ತಕಗಳನ್ನು ಪುಟ ಹಾರಿಸದೆ, ಎಡದಿಂದ ಬಲಕ್ಕೆ, ಒಂದೇ ಕೂರಿಕೆಯಲ್ಲಿ ನೋಡುವ ಅಭ್ಯಾಸ ನನಗೆ ಬಂದದ್ದು ಇದರಿಂದ. ಒಂದು ಚಿತ್ರದ ಬೆನ್ನಿಗೆ ಮುಂದಿನದು ಯಾಕೆ ಬಂತು ಎಂದು ಕೇಳಿಕೊಳ್ಳುತ್ತ ಹೋದರೆ, ಒಂದು ರೋಲಿನ ಚಿತ್ರಗಳನ್ನೆಲ್ಲ ಒಂದೇ ಹಾಳೆಯಲ್ಲಿ ತೋರಿಸುವ ನಮ್ಮ ಕಾಂಟ್ಯಾಕ್ಟ್ ಶೀಟಿನ ಮೂವತ್ತಾರು ಚೌಕಗಳಲ್ಲಿ ಯಾವುದಕ್ಕೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಬೇಕು ಎಂಬ ಪ್ರಶ್ನೆಗೂ ಅಲ್ಲೇ ಅಭ್ಯಾಸವಾಗುತ್ತದೆ.

ಕೊನೆಯದಾಗಿ, ನಾನು ಅತಿ ಹೆಚ್ಚು ಓದುವ ಬರಹ ಅಚ್ಚಾದದ್ದಲ್ಲ, ನನ್ನದೇ ನೋಟ್‌ಪುಸ್ತಕ. ಫಿಲ್ಮ್, ಇಟ್ಟ ವೇಗ, ಡೆವಲಪರ್, ನೀರಿನ ಪಾಲು, ಉಷ್ಣತೆ, ನಿಮಿಷ, ಅಲುಗಾಟ ಎಂದು ರೋಲಿಗೊಂದು ಸಾಲು; ಆ ಸಾಲಿನ ತುದಿಯಲ್ಲಿ, ಈ ಅಂಕಿಗಳನ್ನು ಯಾವ ಪತ್ರಿಕೆಯ ಯಾವ ಇಸವಿಯ ಯಾವ ಪುಟದಿಂದ ತೆಗೆದುಕೊಂಡೆ ಎಂಬ ಗುರುತು. ಹೀಗೆ ಮಾಡಿದರೆ ಕೆಟ್ಟ ನೆಗೆಟಿವಿನಿಂದ ಹಿಂದಕ್ಕೆ ನಡೆದು, ಅದನ್ನು ಕೆಡಿಸಿದ ಪುಟವನ್ನೇ ಮುಟ್ಟಬಹುದು. ನಾನು ಮೊದಲು ಹೇಳಿದ ಆ ಡಾಂಬರಿನ ರೋಲಿನ ಸಾಲು ಈಗಲೂ ಅಲ್ಲಿದೆ, ವಾರ್ಷಿಕ ಸಂಚಿಕೆಯೂ ಕಪಾಟಿನಲ್ಲಿದೆ, ಅದರ ಸೂತ್ರದ ಪಕ್ಕದ ಖಾಲಿ ಜಾಗದಲ್ಲಿ ‘ಹರಳು, ಪುಡಿಯಾದರೆ 2.7ರಿಂದ ಭಾಗಿಸು’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.